ಎರೆ ಮಣ್ಣಿನ ಊರಲ್ಲಿ ಚೆಂಡು ಹೂವಿನ ಕುಂಡ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಒಂದು ಕುಂಡ ಇಟ್ಟು ಏನಾದರೂ ಬೆಳೆಸಬೇಕು, ಯಾವುದರಿಂದ ಶುರು ಮಾಡೋಣ ಅಂತ ಕೇಳುವವರಿಗೆ ನಾನು ಚೆಂಡು ಹೂವಿನ ಹೆಸರು ಹೇಳುತ್ತೇನೆ. ನಾಲ್ಕೈದು ದಿನಕ್ಕೆ, ಹೆಚ್ಚೆಂದರೆ ವಾರಕ್ಕೆ ಮೊಳಕೆ ಬರುತ್ತದೆ. ಅದಕ್ಕೆ ದಿನಕ್ಕೆ ಐದಾರು ತಾಸು ಬಿಸಿಲು ಬೇಕು. ವಿಜಯಪುರದಲ್ಲಿ ಬಿಸಿಲಿಗೆ ಬರ ಇಲ್ಲ. ಒಂದೇ ಹಂಗಾಮಿನ ಗಿಡ. ಹೂ ಕೊಟ್ಟು, ಬೀಜ ಕಟ್ಟಿ, ತನ್ನ ಕೆಲಸ ಮುಗಿಸುತ್ತದೆ.

ಇಷ್ಟು ಸುಲಭದ ಗಿಡ ನಮ್ಮ ಎಷ್ಟೋ ಮಾಳಿಗೆಗಳ ಮೇಲೆ ಹಳದಿಯಾಗಿ, ಸೊರಗಿ ನಿಂತಿರುತ್ತದೆ. ನಾವು ಬಿಸಿಲನ್ನು ಬೈಯುತ್ತೇವೆ. ಆದರೆ ಹೆಚ್ಚಿನ ಕಡೆ ತೊಂದರೆ ಇರುವುದು ಕುಂಡದೊಳಗಿನ ಮಣ್ಣಿನಲ್ಲಿ.

ಮನೆ ಹತ್ತಿರ ಸಿಗುವುದು ಎರೆ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು. ಅದನ್ನೇ ತಂದು ತುಂಬುತ್ತೇವೆ, ಅಲ್ವಾ? ಹೊಲದಲ್ಲಿ ಅದರಂಥ ಮಣ್ಣಿಲ್ಲ. ಡೋಣಿ ನದಿ ದಂಡೆಯ ಎರೆ ಹೊಲಗಳ ಬಗ್ಗೆ ‘ಡೋಣಿ ಬೆಳೆದರೆ ಓಣಿಯೆಲ್ಲಾ ಜೋಳ’ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ಮಳೆಗಾಲದ ತೇವ ಹಿಡಿದಿಟ್ಟು, ಹಿಂಗಾರಿ ಬಿಳಿಜೋಳಕ್ಕೆ ತಿಂಗಳುಗಟ್ಟಲೆ ಉಣಿಸುವ ಮಣ್ಣು ಅದು. ಆದರೆ ಹತ್ತು ಇಂಚಿನ ಕುಂಡದಲ್ಲಿ ಅದೇ ಗುಣ ಗಿಡವನ್ನು ಕೊಲ್ಲುತ್ತದೆ. ನೀರು ಕುಡಿದಾಗ ಈ ಮಣ್ಣು ಉಬ್ಬಿ ಮೆತ್ತಿಕೊಳ್ಳುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಒಣಗಿದಾಗ ಕುಗ್ಗುತ್ತದೆ, ಕುಂಡದ ಅಂಚಿನಿಂದ ಬಿಟ್ಟುಕೊಂಡು ಸಂದು ಬೀಳುತ್ತದೆ. ಆಗ ಒಂದು ತಂಬಿಗೆ ನೀರು ಹಾಕಿ ನೋಡಿ. ಸಂದಿಯಲ್ಲಿ ಸರ್ರನೆ ಇಳಿದು ತಳದ ತೂತಿನಿಂದ ಹೊರಗೆ ಬರುತ್ತದೆ. ಸಾಕಷ್ಟು ನೀರಾಯಿತು ಅಂದುಕೊಂಡು ನಾವು ಕೆಳಗೆ ಇಳಿಯುತ್ತೇವೆ. ನಡುವಿನ ಹೆಂಟೆ ಮಾತ್ರ ಒಣಗಿಯೇ ಇರುತ್ತದೆ. ಹೀಗಾಗಿದ್ದರೆ ಕುಂಡವನ್ನು ಬಕೆಟ್ ನೀರಿನಲ್ಲಿ ಅಂಚಿನವರೆಗೆ ಮುಳುಗಿಸಿ ಇಡಿ. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು, ನೀರು ಬಸಿಯಲು ಬಿಡಿ.

ಹೊಸದಾಗಿ ತುಂಬುವವರು ಕೆಂಪು ಮಣ್ಣು ಅಥವಾ ಗರಸು (ಹರಳು ಬೆರೆತ ಮಣ್ಣು) ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಒಂದು ಪಾಲು, ದಪ್ಪ ಉಸುಕು ಒಂದು ಪಾಲು ಕಲಸಿ. ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ಎರೆ ಮಣ್ಣು ಹಾಕಲೇಬೇಕು ಅಂದರೆ ನಾಲ್ಕರಲ್ಲಿ ಒಂದು ಪಾಲು ಸಾಕು, ಅದಕ್ಕಿಂತ ಜಾಸ್ತಿ ಬೇಡ. ಕಲಸಿದ ಮಣ್ಣನ್ನು ಸ್ವಲ್ಪ ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಚುಕಿ, ಬೆರಳಿನಿಂದ ತಟ್ಟಿ. ಉದುರಬೇಕು. ಮಣ್ಣೆತ್ತು ಮಾಡುವಷ್ಟು ಅಂಟಾಗಿದ್ದರೆ ಇನ್ನಷ್ಟು ಗೊಬ್ಬರ, ಉಸುಕು ಬೇಕು ಅಂತ ಅರ್ಥ. ತಳದ ತೂತಿನ ಮೇಲೆ ಒಂದು ಹಂಚಿನ ಚೂರು ಬೋರಲು ಇಟ್ಟು ಆಮೇಲೆ ಮಣ್ಣು ತುಂಬಿ.

ಬೀಜ ಯಾವಾಗ ಹಾಕಬೇಕು? ಬೀಜದಿಂದ ಹೂವಿಗೆ ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಮಣ್ಣೆತ್ತಿನ ಅಮಾವಾಸ್ಯೆ ಆಗಿ ಎರಡು ವಾರದೊಳಗೆ ಹಾಕಿದರೆ ಬನ್ನಿ ಹಬ್ಬಕ್ಕೆ ಹೂ ಸಿಗುತ್ತದೆ. ನಾಗರ ಪಂಚಮಿಗೆ ಹಾಕಿದರೆ ದೀಪಾವಳಿಗೆ. ತಡವಾಯಿತು ಅಂತ ಕೈ ಬಿಡಬೇಡಿ. ಹಗಲು ಚಿಕ್ಕದಾದಂತೆ ಚೆಂಡು ಹೂ ಬೇಗ ಮೊಗ್ಗು ಕಟ್ಟುತ್ತದೆ. ಗಿಡ ಗಿಡ್ಡವಾಗಿ ಉಳಿಯಬಹುದು, ಹೂ ತಪ್ಪುವುದಿಲ್ಲ.

ಸಸಿಗೆ ನಾಲ್ಕೈದು ಎಲೆ ಬಂದಾಗ ಒಂದು ಕುಂಡಕ್ಕೆ ಒಂದೇ ಸಸಿ ಉಳಿಸಿ. ಗೇಣುದ್ದ ಬೆಳೆದ ಮೇಲೆ ನಡುಕುಡಿ ಚಿವುಟಿ. ಇಲ್ಲಿ ಬಹಳ ಜನರ ಕೈ ತಡೆಯುತ್ತದೆ. ಚೆನ್ನಾಗಿ ಬೆಳೆಯುತ್ತಿರುವ ಗಿಡದ ತಲೆ ಯಾಕೆ ಕೀಳಬೇಕು ಅನ್ನಿಸುತ್ತದೆ. ನಮ್ಮ ರೈತರು ಕಡಲೆ ಹೊಲದಲ್ಲಿ ಕುಡಿ ಚಿವುಟುವುದಿಲ್ಲವೇ? ಆ ಸೊಪ್ಪಿನ ಪಲ್ಯ ಉಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಕುಡಿ ಹೋದರೆ ಪಕ್ಕದ ಕಣ್ಣುಗಳು ಒಡೆದು ಕವಲು ಬರುತ್ತವೆ, ಕವಲಿಗೊಂದು ಹೂ. ಮೊದಲ ಹೂ ವಾರ ಹತ್ತು ದಿನ ತಡವಾಗುತ್ತದೆ, ಅಷ್ಟೇ.

ನೀರಿನ ವಿಷಯದಲ್ಲಿ ಗಡಿಯಾರ ನೋಡಬೇಡಿ, ಮಣ್ಣು ಮುಟ್ಟಿ ನೋಡಿ. ಬೆರಳಿನ ಒಂದು ಗೆಣ್ಣು ಆಳದವರೆಗೆ ಒಣಗಿದ್ದರೆ ಬೆಳಿಗ್ಗೆ ಬುಡಕ್ಕೆ ತುಂಬ ಹಾಕಿ. ಒದ್ದೆ ಇದ್ದರೆ ಬಿಟ್ಟುಬಿಡಿ. ಬಾಡಿದಂತೆ ಕಂಡ ಕೂಡಲೇ ನೀರು ಸುರಿಯುವುದು ದೊಡ್ಡ ಅಪಾಯ. ಬೇರು ಕೊಳೆತರೂ ಎಲೆ ಹಾಗೆಯೇ ಬಾಡುತ್ತದೆ. ನಮ್ಮಲ್ಲಿ ಮಳೆ ಜಾಸ್ತಿ ಬರುವುದು ಸೆಪ್ಟೆಂಬರಿನಲ್ಲಿ. ಗಿಡ ಮೊಗ್ಗಿನ ಹೊತ್ತು ಅದು. ಆಗ ಕುಂಡದ ಕೆಳಗಿನ ತಟ್ಟೆ ತೆಗೆದುಬಿಡಿ. ಜೋರು ಮಳೆಯಿದ್ದರೆ ಕುಂಡವನ್ನು ಗೋಡೆಯ ಮರೆಗೆ ಸರಿಸಿ. ತುಂಬು ಹೂವಿನೊಳಗೆ ನೀರು ನಿಂತರೆ ಒಳಗಿಂದ ಕೊಳೆಯುತ್ತದೆ.

ಬೋರಿನ ನೀರು ಸವಳಾಗಿರುವ ಮನೆಗಳಲ್ಲಿ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಮಳೆ ನೀರು ಹಿಡಿದಿಟ್ಟುಕೊಂಡು ಆಗಾಗ ಧಾರಾಳವಾಗಿ ಹಾಕಿ, ಉಪ್ಪು ತಳದಿಂದ ತೊಳೆದು ಹೋಗಲಿ. ಯೂರಿಯಾ ಖಂಡಿತ ಬೇಡ. ಎಲೆ ಸೊಕ್ಕುತ್ತದೆ, ಹೂ ಕಡಿಮೆಯಾಗುತ್ತದೆ. ತಿಂಗಳಿಗೊಮ್ಮೆ ಒಂದು ಹಿಡಿ ಗೊಬ್ಬರ ಸಾಕು. ಒಣ ಗಾಳಿಯಲ್ಲಿ ಎಲೆ ಮಂಕಾಗಿ, ಹಿಂಬದಿಯಲ್ಲಿ ಸಣ್ಣ ಬಲೆ ಕಂಡರೆ ಅದು ನುಸಿ. ಎಲೆಯ ಕೆಳಗಿನಿಂದ ನೀರು ಚಿಮ್ಮಿಸಿ ತೊಳೆಯಿರಿ, ಬಿಡದೆ ಕೆಲವು ದಿನ.

ಬಾಡಿದ ಹೂ ಗಿಡದಲ್ಲಿ ಉಳಿಸಬೇಡಿ. ಕಿತ್ತಷ್ಟೂ ಹೊಸ ಮೊಗ್ಗು ಬರುತ್ತದೆ. ಕೊನೆಗೆ ಎರಡು ಮೂರು ಒಳ್ಳೆಯ ಹೂ ಗಿಡದಲ್ಲೇ ಒಣಗಲಿ, ಬೀಜಕ್ಕೆ. ಹೈಬ್ರಿಡ್ ತಳಿಯ ಬೀಜ ತೆಗೆದರೆ ಮುಂದಿನ ಗಿಡ ತಾಯಿಯ ಹಾಗೆ ಬರುವುದಿಲ್ಲ. ನಾಟಿ ಹೂವಿನದು ಬರುತ್ತದೆ.

ದೀಪಾವಳಿ ಮುಗಿದ ಮೇಲೆ ಗಿಡ ಎಸೆಯಬೇಡಿ. ಚೆಂಡು ಹೂವಿನ ಬೇರಿನಲ್ಲಿ ಬೇರುಗಂಟು ಮಾಡುವ ಜಂತುಹುಳುಗಳನ್ನು ತಡೆಯುವ ಅಂಶ ಇದೆ. ರೋಗ ಇಲ್ಲದ ಗಿಡವಾದರೆ ಚೂರು ಚೂರು ಮಾಡಿ ಅದೇ ಮಣ್ಣಿಗೆ ಸೇರಿಸಿ, ನೀರು ಚಿಮುಕಿಸಿ ಮೂರು ನಾಲ್ಕು ವಾರ ಬಿಡಿ. ಆಮೇಲೆ ಆ ಕುಂಡಕ್ಕೆ ಒಂದು ಟೊಮೆಟೊ ಸಸಿ ನೆಡಿ. ನಮಸ್ಕಾರ.