ಸದನದ ಕೀಲಿಕೈ ಹಿಡಿದವರು: ಸೆನೆಟರ್ ರಾಬರ್ಟ್ ಬರ್ಡ್

ಎಲ್ಲರಿಗೂ ನಮಸ್ಕಾರ.

ಅಮೆರಿಕದ ರಾಜಕೀಯ ಅಂದರೆ ನಮ್ಮಲ್ಲಿ ಮಾತು ಶುರುವಾಗುವುದೂ ಮುಗಿಯುವುದೂ ಅಧ್ಯಕ್ಷರಲ್ಲೇ. ಆದರೆ ಅಧ್ಯಕ್ಷರು ನಾಲ್ಕೋ ಎಂಟೋ ವರ್ಷ ಇದ್ದು ಹೋಗುವವರು. ಇವತ್ತು ನಾನು ಹೇಳಹೊರಟಿರುವ ಮನುಷ್ಯ ಐಸೆನ್‌ಹೋವರ್ ಕಾಲದಲ್ಲಿ ಸೆನೆಟ್‌ಗೆ ಬಂದು, ಒಬಾಮ ಕಾಲದಲ್ಲಿ, ಇನ್ನೂ ಸೆನೆಟರ್ ಆಗಿರುವಾಗಲೇ ತೀರಿಕೊಂಡವರು. 1959ರ ಜನವರಿಯಿಂದ 2010ರ ಜೂನ್‌ವರೆಗೆ, 51 ವರ್ಷ. ಅದಕ್ಕೂ ಮೊದಲು ಕೆಳಮನೆಯಲ್ಲಿ ಆರು ವರ್ಷ. ಸೆನೆಟ್‌ನಲ್ಲಿ ಅಷ್ಟು ಕಾಲ ಕೂತವರು ಇನ್ನೊಬ್ಬರಿಲ್ಲ. ಹೆಸರು ರಾಬರ್ಟ್ ಬರ್ಡ್. ಪಕ್ಷ ಡೆಮಾಕ್ರಟಿಕ್, ರಾಜ್ಯ ವೆಸ್ಟ್ ವರ್ಜೀನಿಯಾ. "ಹನ್ನೊಂದು ಅಧ್ಯಕ್ಷರ ಕೈಕೆಳಗೆ ಕೆಲಸ ಮಾಡಿದ್ದೀರಿ" ಎಂದು ಯಾರಾದರೂ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ನಾನು ಯಾವ ಅಧ್ಯಕ್ಷರ ಕೈಕೆಳಗೂ ಕೆಲಸ ಮಾಡಿಲ್ಲ, ಅವರ ಜೊತೆಗೆ ಮಾಡಿದ್ದೇನೆ ಅನ್ನುತ್ತಿದ್ದರು. ಈ ಜಂಬ ನನಗೆ ಇಷ್ಟ. ಶಾಸಕಾಂಗದ ಸದಸ್ಯನಿಗೆ ಇಷ್ಟಾದರೂ ಸ್ವಾಭಿಮಾನ ಬೇಕು.

ಹುಟ್ಟಿದ್ದು 1917ರಲ್ಲಿ, ನಾರ್ತ್ ಕ್ಯಾರೊಲಿನಾದಲ್ಲಿ. ಆಗಿನ ಹೆಸರೇ ಬೇರೆ, ಕಾರ್ನೀಲಿಯಸ್ ಸೇಲ್. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಬಂದದ್ದು 1918ರ ಇನ್‌ಫ್ಲುಯೆಂಜಾ. ನಮ್ಮ ದೇಶದಲ್ಲೂ ಲಕ್ಷಾಂತರ ಮನೆ ಬರಿದು ಮಾಡಿದ ಅದೇ ಕಾಯಿಲೆ ಈ ಮಗುವಿನ ತಾಯಿಯನ್ನೂ ಕೊಂಡೊಯ್ದಿತು. ಅಪ್ಪ ಮಗುವನ್ನು ಅದರ ಸೋದರತ್ತೆಗೂ ಅವಳ ಗಂಡನಿಗೂ ಒಪ್ಪಿಸಿದ. ಟೈಟಸ್ ಬರ್ಡ್ ಎಂಬ ಆ ಮಾವ ಕಲ್ಲಿದ್ದಲು ಗಣಿಯ ಕೂಲಿಕಾರ. ಹುಡುಗ ಬೆಳೆದದ್ದು ವೆಸ್ಟ್ ವರ್ಜೀನಿಯಾದ ದಕ್ಷಿಣದ ಗಣಿ ಊರುಗಳಲ್ಲಿ. ಅಲ್ಲಿ ಮನೆಯೂ ಕಂಪನಿಯದೇ, ಅಂಗಡಿಯೂ ಕಂಪನಿಯದೇ. ಹೈಸ್ಕೂಲಿನಲ್ಲಿ ತರಗತಿಗೇ ಮೊದಲಿಗ, ಆದರೆ ಕಾಲೇಜಿಗೆ ದುಡ್ಡಿಲ್ಲ. ಪೆಟ್ರೋಲ್ ಬಂಕಿನಲ್ಲಿ ದುಡಿದರು, ಮಾಂಸ ಕಡಿದರು, ಯುದ್ಧದ ಕಾಲದಲ್ಲಿ ಹಡಗುಕಟ್ಟೆಗಳಲ್ಲಿ ವೆಲ್ಡಿಂಗ್ ಮಾಡಿದರು. ಪಿಟೀಲು ಚೆನ್ನಾಗಿ ನುಡಿಸುತ್ತಿದ್ದರು. 1946ರಲ್ಲಿ ರಾಜ್ಯದ ಶಾಸನಸಭೆಗೆ ನಿಂತಾಗ ಪಿಟೀಲು ಹಿಡಿದೇ ಊರೂರು ತಿರುಗಿ ಗೆದ್ದರು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬಡತನದಿಂದ ಮೇಲೆ ಬಂದವರ ಚೆಂದದ ಕಥೆಯಾಗುತ್ತಿತ್ತು. ಆದರೆ ಮಾಂಸದಂಗಡಿಗೂ ಚುನಾವಣೆಗೂ ನಡುವೆ ಇನ್ನೊಂದು ಸಂಗತಿ ಇದೆ. 1940ರ ದಶಕದ ಮೊದಲಲ್ಲಿ ಬರ್ಡ್ ಕೂ ಕ್ಲಕ್ಸ್ ಕ್ಲಾನ್ ಸೇರಿದರು. ಕರಿಯರನ್ನು ಹೊಡೆದು, ಸುಟ್ಟು, ಮರಕ್ಕೆ ನೇತುಹಾಕಿದ ಇತಿಹಾಸದ ಆ ಬಿಳಿ ಮುಸುಕಿನ ಸಂಘಟನೆಯೇ. ಬರೀ ಚಂದಾ ಕೊಟ್ಟು ಸುಮ್ಮನಿದ್ದವರಲ್ಲ. ತಾವೇ ಓಡಾಡಿ ನೂರೈವತ್ತು ಜನರನ್ನು ಕೂಡಿಸಿ ಸ್ಥಳೀಯ ಘಟಕ ಕಟ್ಟಿದರು, ಅದರ ನಾಯಕರೂ ಆದರು. ನಿನಗೆ ನಾಯಕತ್ವದ ಗುಣ ಇದೆ, ದೇಶಕ್ಕೆ ನಿನ್ನಂಥವರು ಬೇಕು ಎಂದು ಮೊದಲು ಅವರ ಬೆನ್ನು ತಟ್ಟಿದ್ದೂ ಕ್ಲಾನ್‌ನ ಒಬ್ಬ ಮುಖಂಡನೇ. ಇದನ್ನು ಬರ್ಡ್ ಅವರೇ ಬರೆದುಕೊಂಡಿದ್ದಾರೆ. 1952ರಲ್ಲಿ ಕೆಳಮನೆಗೆ ನಿಂತಾಗ ವಿಷಯ ಬಯಲಾಯಿತು. ಸುಮಾರು ಒಂದು ವರ್ಷ ಇದ್ದೆ, 1943ಕ್ಕೆ ಬಿಟ್ಟೆ ಎಂದರು. ಆದರೆ ಕ್ಲಾನ್ ಮತ್ತೆ ಬೆಳೆಯಬೇಕು ಎಂದು 1946ರಲ್ಲಿ ಅವರೇ ಬರೆದ ಪತ್ರ ಹೊರಬಂತು. ಜನ ಆದರೂ ಗೆಲ್ಲಿಸಿದರು. ಆರು ವರ್ಷದ ಮೇಲೆ ಸೆನೆಟ್‌ಗೂ ಕಳಿಸಿದರು.

ಈಗ ಎರಡು ಜೂನ್ 10ಗಳ ಮಾತು. 1963ರ ಜೂನ್ 10ರಂದು ಅಮೆರಿಕನ್ ಯೂನಿವರ್ಸಿಟಿಯ ಘಟಿಕೋತ್ಸವ. ಸೆನೆಟರ್ ಆಗಿದ್ದುಕೊಂಡೇ ವರ್ಷಗಟ್ಟಲೆ ರಾತ್ರಿ ತರಗತಿಗೆ ಹೋಗಿ ಬರ್ಡ್ ಕಾನೂನು ಪದವಿ ಮುಗಿಸಿದ್ದರು. ಅತಿಥಿ ಅಧ್ಯಕ್ಷ ಕೆನಡಿ. ಅವರಿಗೂ ಅಂದು ಗೌರವ ಪದವಿ. ಬರ್ಡ್ ಎಷ್ಟೋ ವರ್ಷ ರಾತ್ರಿ ಓದಿ ಗಳಿಸಿದ್ದನ್ನು ನಾನು ಮುಂದಿನ ಅರ್ಧ ಗಂಟೆಯಲ್ಲಿ ಗಳಿಸುತ್ತಿದ್ದೇನೆ ಎಂದು ಕೆನಡಿ ಸಭೆಯನ್ನು ನಗಿಸಿದರು. ಅಣ್ವಸ್ತ್ರ ಪರೀಕ್ಷೆ ನಿಲ್ಲಿಸುವ ಬಗ್ಗೆ ಅವರು ಮಾಡಿದ ಹೆಸರಾಂತ ಭಾಷಣ ಅದೇ ವೇದಿಕೆಯದು.

ಮರುವರ್ಷದ ಜೂನ್ 10ಕ್ಕೆ ಕೆನಡಿ ಇಲ್ಲ. ಅವರ ನಾಗರಿಕ ಹಕ್ಕುಗಳ ಮಸೂದೆ ಸೆನೆಟ್ ಮುಂದಿದೆ. ಹೋಟೆಲು, ಬಸ್ಸು, ಕೆಲಸ, ಎಲ್ಲಿಯೂ ಬಣ್ಣ ನೋಡಿ ಜನರನ್ನು ದೂರ ಇಡಬಾರದು ಎನ್ನುವ ಮಸೂದೆ. ದಕ್ಷಿಣದ ಸೆನೆಟರುಗಳು ಅದನ್ನು ವಾರಗಟ್ಟಲೆ ಫಿಲಿಬಸ್ಟರ್ ಮಾಡಿ ತಡೆದಿದ್ದರು. ಸೆನೆಟ್‌ನಲ್ಲಿ ಒಬ್ಬ ಸದಸ್ಯ ಎದ್ದು ಮಾತು ಶುರುಮಾಡಿದರೆ ಅವನಾಗಿಯೇ ಕೂರುವವರೆಗೆ ಕೂರಿಸುವುದು ಸುಲಭವಲ್ಲ. ಚರ್ಚೆಗೆ ತೆರೆ ಎಳೆಯಲು ಆಗ ಮೂರನೇ ಎರಡರಷ್ಟು ಮತ ಬೇಕಿತ್ತು. ಆ ಮತ ಎಣಿಕೆಯ ಹಿಂದಿನ ಸಂಜೆ 7 ಗಂಟೆ 38 ನಿಮಿಷಕ್ಕೆ ಬರ್ಡ್ ಎದ್ದು ನಿಂತರು. ಕೂತದ್ದು ಮಾರನೆಯ ಬೆಳಗ್ಗೆ 9 ಗಂಟೆ 51ಕ್ಕೆ. ಹದಿನಾಲ್ಕು ಗಂಟೆ ಹದಿಮೂರು ನಿಮಿಷ. ಬೈಬಲ್ ಇಟ್ಟುಕೊಂಡು ಮಸೂದೆಯ ವಿರುದ್ಧ ವಾದಿಸಿದರು. ಆಮೇಲೆ ಮತಕ್ಕೆ ಹಾಕಿದರು. ಮಿದುಳಿನ ಗೆಡ್ಡೆಯಿಂದ ಮಾತೇ ನಿಂತುಹೋಗಿದ್ದ ಕ್ಯಾಲಿಫೋರ್ನಿಯಾದ ಸೆನೆಟರ್ ಕ್ಲೇರ್ ಎಂಗಲ್ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಹೆಸರು ಕೂಗಿದಾಗ ಅವರು ಬೆರಳೆತ್ತಿ ತಮ್ಮ ಕಣ್ಣು ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣಿಗೂ ಹೌದೆನ್ನುವ ಮತಕ್ಕೂ ಉಚ್ಚಾರ ಒಂದೇ, ಐ. 71 ಪರ, 29 ವಿರುದ್ಧ. ಫಿಲಿಬಸ್ಟರ್ ಬಿತ್ತು. ಮಾತು ಬಲ್ಲವರೊಬ್ಬರು ರಾತ್ರಿಯಿಡೀ ಆಡಿದ್ದಕ್ಕಿಂತ ಮಾತು ಬಾರದವರ ಆ ಒಂದು ಬೆರಳೇ ಹೆಚ್ಚು ಹೇಳಿತು ಅನ್ನಿಸುತ್ತದೆ ನನಗೆ.

ಬರ್ಡ್ ತೀರಿಕೊಂಡಾಗ ಚಾರ್ಲ್ಸ್‌ಟನ್‌ನ ಶ್ರದ್ಧಾಂಜಲಿ ಸಭೆಯಲ್ಲಿ ಬಿಲ್ ಕ್ಲಿಂಟನ್ ಒಂದು ಸಮಜಾಯಿಷಿ ಕೊಟ್ಟರು. ಬೆಟ್ಟಗಾಡಿನ ಹಳ್ಳಿ ಹುಡುಗ, ಚುನಾವಣೆ ಗೆಲ್ಲಬೇಕಿತ್ತು, ಮಾಡಬಾರದ್ದೇನೋ ಮಾಡಿರಬಹುದು, ಉಳಿದ ಬಾಳೆಲ್ಲ ಅದನ್ನು ಸರಿಪಡಿಸಿಕೊಂಡರು ಎಂಬ ಅರ್ಥದ ಮಾತು. ಸಾವಿನ ಮನೆಯಲ್ಲಿ ಹಾಗೆ ಹೇಳುವುದು ವಾಡಿಕೆ, ತಪ್ಪೆನ್ನಲಾರೆ. ಆದರೆ ಲೆಕ್ಕ ಹಾಗಿಲ್ಲ. 1964ರಲ್ಲಿ ವೆಸ್ಟ್ ವರ್ಜೀನಿಯಾದ ಇನ್ನೊಬ್ಬ ಸೆನೆಟರ್ ಜೆನಿಂಗ್ಸ್ ರಾಂಡಾಲ್ಫ್ ಕೂಡ ಡೆಮಾಕ್ರಟರೇ. ಅದೇ ರಾಜ್ಯ, ಅದೇ ಮತದಾರರು. ಅವರು ಮಸೂದೆಯ ಪರ ಮತ ಹಾಕಿದರು, ಆಮೇಲೂ ಗೆಲ್ಲುತ್ತ ಎಂಬತ್ತರ ದಶಕದವರೆಗೆ ಸೆನೆಟ್‌ನಲ್ಲಿದ್ದರು. ಹಾಗಾಗಿ ಬರ್ಡ್ ಅವರದ್ದು ಮತದಾರರಿಗೆ ಹೆದರಿ ಮಾಡಿದ ಕೆಲಸವಲ್ಲ, ಆಗ ನಂಬಿದ್ದನ್ನೇ ಮಾಡಿದ್ದು. 1965ರ ಮತದಾನ ಹಕ್ಕು ಕಾಯ್ದೆಗೂ ಅವರ ಮತ ಇಲ್ಲ. 1967ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಕರಿಯ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಅವರಿಗೂ ಇಲ್ಲ.

ಇಂಥವರು ಮೇಲೆ ಬಂದದ್ದು ಹೇಗೆ? ಭಾಷಣದಿಂದಲ್ಲ, ದಿನಾ ಸದನದಲ್ಲಿ ಕೂತು. ಬೇರೆಯವರು ಊರು ಸುತ್ತುತ್ತಿದ್ದಾಗ ಇವರು ಸದನ ಬಿಟ್ಟು ಕದಲುತ್ತಿರಲಿಲ್ಲ. ನಿಯಮ, ಹಿಂದಿನ ತೀರ್ಪುಗಳು, ಎಲ್ಲವನ್ನೂ ಅರೆದು ಕುಡಿದಿದ್ದರು. ಯಾರಿಗೋ ವಿಮಾನಕ್ಕೆ ಹೊತ್ತಾಯಿತೆಂದರೆ ಮತದಾನದ ಸಮಯ ಹೊಂದಿಸಿಕೊಡುವರು, ಇನ್ಯಾರದೋ ತಿದ್ದುಪಡಿ ಪಟ್ಟಿಯಲ್ಲಿ ಮೇಲೆ ಬರುವಂತೆ ನೋಡಿಕೊಳ್ಳುವರು. ಚಿಲ್ಲರೆ ಉಪಕಾರಗಳು. ಅವುಗಳ ಫಲ ಸಿಕ್ಕಿದ್ದು 1971ರ ಜನವರಿಯಲ್ಲಿ, ಪಕ್ಷದ ವಿಪ್ ಸ್ಥಾನದ ಚುನಾವಣೆಯಲ್ಲಿ. ಎದುರಾಳಿ ಸಾಮಾನ್ಯರಲ್ಲ, ಅಧ್ಯಕ್ಷ ಕೆನಡಿಯವರ ತಮ್ಮ, ಸೆನೆಟರ್ ಟೆಡ್ ಕೆನಡಿ. ಬರ್ಡ್ ಗೆಲ್ಲುವಷ್ಟು ಮತ ಎಣಿಸಿಟ್ಟುಕೊಂಡಿದ್ದರು. ಅದರಲ್ಲೊಂದು, ಸಾವಿನ ಹಾಸಿಗೆಯಲ್ಲಿದ್ದ ಜಾರ್ಜಿಯಾದ ಸೆನೆಟರ್ ರಿಚರ್ಡ್ ರಸೆಲ್ ಬರೆದುಕೊಟ್ಟಿದ್ದ ಪ್ರಾಕ್ಸಿ, ಅಂದರೆ ತಮ್ಮ ಪರವಾಗಿ ಮತ ಹಾಕಲು ಕೊಟ್ಟ ಒಪ್ಪಿಗೆ. ರಸೆಲ್ ಉಸಿರಾಡುತ್ತಿದ್ದಾರೆಂದು ಖಾತ್ರಿಯಾದ ಮೇಲೆಯೇ ಬರ್ಡ್ ಕಣಕ್ಕಿಳಿದರು. 31ಕ್ಕೆ 24ರಲ್ಲಿ ಟೆಡ್ ಕೆನಡಿ ಸೋತರು. ರಸೆಲ್ ಅದೇ ದಿನ ತೀರಿಕೊಂಡರು.

ಅಲ್ಲಿಂದ ಮುಂದೆ 1977ರಿಂದ ಬಹುಮತದ ನಾಯಕ, ಆರು ವರ್ಷ ವಿರೋಧ ಪಕ್ಷದ ನಾಯಕ, 1987ರಲ್ಲಿ ಮತ್ತೆ ಬಹುಮತದ ನಾಯಕ. ಈ ಅವಧಿಯ ಒಂದೇ ಪ್ರಸಂಗ ಹೇಳಿ ಮುಂದೆ ಹೋಗುತ್ತೇನೆ. 1988ರ ಫೆಬ್ರವರಿಯಲ್ಲಿ ಚುನಾವಣಾ ಖರ್ಚಿನ ಮಸೂದೆಗೆ ರಿಪಬ್ಲಿಕನ್ನರು ಫಿಲಿಬಸ್ಟರ್ ಹೂಡಿದರು. ಕೋರಂ ಆಗದಂತೆ ಸದನದಿಂದಲೇ ಕಾಲ್ತೆಗೆದರು. ಬರ್ಡ್ ನಿಯಮದ ಪುಸ್ತಕ ತೆಗೆದು, ಗೈರುಹಾಜರಾದವರನ್ನು ಹಿಡಿದು ತರಲು ಆದೇಶ ಮಾಡಿಸಿದರು. ನಡುರಾತ್ರಿ ಪೊಲೀಸರು ಒರೆಗಾನ್‌ನ ಸೆನೆಟರ್ ಬಾಬ್ ಪ್ಯಾಕ್‌ವುಡ್ ಅವರನ್ನು ಕೊಠಡಿಯಿಂದ ಹಿಡಿದು ತಂದರು. ತಾನಾಗಿ ನಡೆದು ಬರುವುದಿಲ್ಲ ಎಂದು ಅವರು ಹಟ ಹಿಡಿದಾಗ ಎತ್ತಿಕೊಂಡು, ಕಾಲು ಮುಂದಾಗಿ ಸದನದೊಳಕ್ಕೆ ತಂದಿಳಿಸಿದರು. ಮಸೂದೆ ಮಾತ್ರ ಪಾಸಾಗಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ ರಾತ್ರಿಯಿಡೀ ನಿಂತು ಸದನವನ್ನು ಕಟ್ಟಿಹಾಕಿದ್ದ ವ್ಯಕ್ತಿಯೇ ಈಗ ಕಟ್ಟು ಬಿಚ್ಚಲು ಪೊಲೀಸರನ್ನು ಕಳಿಸಿದ್ದು. ನಿಯಮಕ್ಕೆ ಪಕ್ಷ ಇಲ್ಲ. ಯಾರಿಗೆ ಕಂಠಪಾಠವೋ ಅವರ ಮಾತು ಕೇಳುತ್ತದೆ. ಬರ್ಡ್ ಅವರ ಇಡೀ ಬದುಕಿನ ಗುಟ್ಟು ಇಷ್ಟೇ ಎಂಬುದು ನನ್ನ ಅಭಿಪ್ರಾಯ.

1989ರಲ್ಲಿ ನಾಯಕತ್ವ ಬಿಟ್ಟು ಹಣಕಾಸು ಹಂಚಿಕೆ ಸಮಿತಿಯ ಅಧ್ಯಕ್ಷರಾದರು. ದೇಶದ ಥೈಲಿ ಬಿಚ್ಚುವ ಜಾಗ. ನಮ್ಮ ರಾಜ್ಯಕ್ಕೆ ನೂರು ಕೋಟಿ ಡಾಲರ್ ತರುತ್ತೇನೆ ಅಂದಿದ್ದರು, ಅದಕ್ಕಿಂತ ಹೆಚ್ಚೇ ತಂದರು. ಹೆದ್ದಾರಿ, ಆಸ್ಪತ್ರೆ, ಎಫ್‌ಬಿಐನ ಬೆರಳಚ್ಚು ಕೇಂದ್ರ. ಎಲ್ಲಿ ನೋಡಿದರೂ ಅವರದೇ ಹೆಸರು, ರಾಜ್ಯದ ರಾಜಧಾನಿಯಲ್ಲಿ ಬದುಕಿರುವಾಗಲೇ ಪ್ರತಿಮೆ. ಸಮುದ್ರವೇ ಇಲ್ಲದ ರಾಜ್ಯಕ್ಕೆ ಕರಾವಳಿ ಕಾವಲು ಪಡೆಯ ಕಚೇರಿಯನ್ನೂ ಒಯ್ದಿದ್ದಾರೆ! ದುಂದುಗಾರಿಕೆ ಎಂದು ಪತ್ರಿಕೆಗಳು ಬೈದವು. ಬೈಗುಳದಲ್ಲಿ ಸತ್ಯ ಇತ್ತು. ಆದರೆ ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್ ಎಂಬ ಊರಿನದ್ದನ್ನು ನಾನು ಆ ಲೆಕ್ಕಕ್ಕೆ ಸೇರಿಸಲಾರೆ. 1988ರ ನವೆಂಬರಿನ ಒಂದು ರಾತ್ರಿ ಅಲ್ಲಿನ ರೇಡಿಯೊ ದೂರದರ್ಶಕ ಇದ್ದಕ್ಕಿದ್ದಂತೆ ಕುಸಿದು ಕಬ್ಬಿಣದ ರಾಶಿಯಾಯಿತು. ಹೊಸದಕ್ಕೆ ಹಣ ಹೊಂದಿಸಿದವರು ಬರ್ಡ್. 2000ದಲ್ಲಿ ತಯಾರಾದ ಆ ಬಟ್ಟಲಿನ ಅಳತೆ 100 ಮೀಟರ್‌ಗೆ 110 ಮೀಟರ್. ಯಾವ ದಿಕ್ಕಿಗೂ ತಿರುಗಿಸಬಲ್ಲ ರೇಡಿಯೊ ದೂರದರ್ಶಕಗಳಲ್ಲಿ ಅಷ್ಟು ದೊಡ್ಡದನ್ನು ಅದಕ್ಕೆ ಮೊದಲು ಯಾರೂ ಕಟ್ಟಿರಲಿಲ್ಲ. ಅದಕ್ಕೂ ಇವರದೇ ಹೆಸರು.

ಇಷ್ಟೆಲ್ಲ ಹಣ ಹರಿದರೂ ವೆಸ್ಟ್ ವರ್ಜೀನಿಯಾ ಅಮೆರಿಕದ ಬಡ ರಾಜ್ಯಗಳ ಸಾಲಿನಿಂದ ಮೇಲೇಳಲಿಲ್ಲ. ಅವರು ರಾಜಕೀಯಕ್ಕೆ ಬಂದಾಗ ಲಕ್ಷಕ್ಕೂ ಮೇಲಿದ್ದ ಗಣಿ ಕೆಲಸಗಳನ್ನು ಯಂತ್ರಗಳು ನುಂಗಿಬಿಟ್ಟಿದ್ದವು. ರಸ್ತೆ ಕೊಟ್ಟಷ್ಟು ಸಲೀಸಾಗಿ ಕೆಲಸ ಕೊಡಲಾಗುವುದಿಲ್ಲ.

ಇನ್ನು ಬದಲಾದ ಬರ್ಡ್. 1982ರಲ್ಲಿ ಅವರ ಹದಿಹರೆಯದ ಮೊಮ್ಮಗ ವಾಹನ ಅಪಘಾತದಲ್ಲಿ ತೀರಿಕೊಂಡ. ನಾನು ನನ್ನ ಮೊಮ್ಮಗನನ್ನು ಪ್ರೀತಿಸಿದಂತೆ ಕರಿಯರೂ ತಮ್ಮ ಮಕ್ಕಳನ್ನು ಪ್ರೀತಿಸುತ್ತಾರಲ್ಲ ಎಂಬುದು ಆ ದುಃಖದಲ್ಲಿ ಹೊಳೆಯಿತು ಎಂದು ಮುಂದೆ ಹೇಳಿಕೊಂಡರು. ಅರವತ್ತು ದಾಟಿದ ಮೇಲೆ ಹೊಳೆಯಬೇಕಾಯಿತೇ ಎಂದು ನೀವು ಕೇಳಬಹುದು. ಕೇಳಲೇಬೇಕು. ಕ್ಲಾನ್ ಸೇರಿದ್ದಕ್ಕೆ ಅವರು ಮತ್ತೆಮತ್ತೆ ಕ್ಷಮೆ ಕೇಳಿದರು, 1964ರ ಮತದ ಬಗ್ಗೆ ಪಶ್ಚಾತ್ತಾಪಪಟ್ಟರು. 2008ರಲ್ಲಿ ಪಕ್ಷದ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ ಅವರ ರಾಜ್ಯ ಹಿಲರಿ ಕ್ಲಿಂಟನ್ ಅವರನ್ನು ಭಾರಿ ಅಂತರದಿಂದ ಗೆಲ್ಲಿಸಿದ ಕೆಲವೇ ದಿನಗಳಲ್ಲಿ ಇವರು ಒಬಾಮಗೆ ಬೆಂಬಲ ಘೋಷಿಸಿದರು.

ಅವರ ಕೊನೆಯ ದಶಕವೇ ನನಗೆ ಹೆಚ್ಚು ಮುಖ್ಯ. 1964ರ ಆಗಸ್ಟ್‌ನಲ್ಲಿ ವಿಯೆಟ್ನಾಂ ಯುದ್ಧಕ್ಕೆ ದಾರಿ ಮಾಡಿಕೊಟ್ಟ ಟೊಂಕಿನ್ ಕೊಲ್ಲಿ ನಿರ್ಣಯಕ್ಕೆ ಸೆನೆಟ್‌ನಲ್ಲಿ ಇಬ್ಬರು ಮಾತ್ರ ಎದುರಾಗಿದ್ದರು. ಬರ್ಡ್ ಆ ಇಬ್ಬರಲ್ಲಿ ಇರಲಿಲ್ಲ. ಆ ಮತ ಅವರನ್ನು ಕೊರೆಯುತ್ತಿತ್ತು. 2002ರ ಅಕ್ಟೋಬರ್‌ನಲ್ಲಿ ಇರಾಕ್ ಮೇಲೆ ಯುದ್ಧ ಹೂಡುವ ಅಧಿಕಾರವನ್ನು ಬುಷ್ ಕೇಳಿದಾಗ, 84ರ ಮುದುಕ ಕೋಟಿನ ಜೇಬಿನಿಂದ ಸಂವಿಧಾನದ ಪುಟ್ಟ ಪ್ರತಿ ಹೊರತೆಗೆದು, ಯುದ್ಧ ಘೋಷಿಸುವ ಅಧಿಕಾರ ಕಾಂಗ್ರೆಸ್ಸಿನದು, ಅದನ್ನು ಒಬ್ಬರ ಕೈಗೆ ಕೊಡಬೇಡಿ ಎಂದು ಗೋಗರೆದರು. ಕೈ ನಡುಗುತ್ತಿತ್ತು, ದನಿ ನಡುಗಲಿಲ್ಲ. ಜಾನ್ ಕೆರಿ, ಹಿಲರಿ ಕ್ಲಿಂಟನ್, ಜೋ ಬೈಡನ್ ಎಲ್ಲರೂ ಯುದ್ಧದ ಅಧಿಕಾರಕ್ಕೆ ಹೂಂ ಅಂದರು. 77 ಪರ, 23 ವಿರುದ್ಧ. ಮುಂದಿನ ಫೆಬ್ರವರಿಯಲ್ಲಿ, ಯುದ್ಧ ಬಾಗಿಲಲ್ಲಿ ನಿಂತಿರುವಾಗ ಈ ಸದನ ಮೌನವಾಗಿದೆ, ಭಯ ಹುಟ್ಟಿಸುವಷ್ಟು ಮೌನವಾಗಿದೆ ಎಂದು ಹೇಳಿದವರೂ ಅವರೇ. ತಾವು ಹಾಕಿದ ಸಾವಿರಾರು ಮತಗಳಲ್ಲಿ ಇರಾಕ್ ಯುದ್ಧದ ವಿರುದ್ಧದ ಮತವೇ ತಮಗೆ ಹೆಚ್ಚು ಹೆಮ್ಮೆಯದು ಅನ್ನುತ್ತಿದ್ದರು.

2009ರ ಡಿಸೆಂಬರ್ ಆರಂಭದಲ್ಲಿ ತಮ್ಮ ರಾಜ್ಯದ ಗಣಿ ಮಾಲೀಕರನ್ನೇ ಎದುರು ಹಾಕಿಕೊಂಡು, ಕಲ್ಲಿದ್ದಲು ಉದ್ಯಮ ಬದಲಾವಣೆಗೆ ಒಗ್ಗಲೇಬೇಕು, ಹೆದರಿಕೆ ಹುಟ್ಟಿಸುವುದನ್ನು ಬಿಡಿ ಎಂದು ಬರೆದರು. ಗಣಿಯ ಕೂಲಿಕಾರನ ಮನೆಯಲ್ಲಿ ಬೆಳೆದವರು ಹೇಳಿದ್ದಕ್ಕೆ ಅದಕ್ಕೆ ತೂಕ. ಅದೇ ತಿಂಗಳ 24ರ ಬೆಳಗ್ಗೆ ಆರೋಗ್ಯ ವಿಮೆಯ ಮಸೂದೆಗೆ ಮತದಾನ. ಹೊರಗೆ ಹಿಮ. ಈ ಬಾರಿ ಗಾಲಿಕುರ್ಚಿಯಲ್ಲಿ ಬಂದವರು ಬರ್ಡ್. ಆ ಮಸೂದೆಗಾಗಿ ಜೀವನವಿಡೀ ಹೋರಾಡಿದ್ದ ಟೆಡ್ ಕೆನಡಿ ನಾಲ್ಕು ತಿಂಗಳ ಹಿಂದೆ ತೀರಿಕೊಂಡಿದ್ದರು. 1971ರಲ್ಲಿ ಸೋತವರೂ ಗೆದ್ದವರೂ ಅಷ್ಟು ಹೊತ್ತಿಗೆ ಆಪ್ತರಾಗಿದ್ದರು. ಹೆಸರು ಕೂಗಿದಾಗ ಬರ್ಡ್ ಕೈಯೆತ್ತಿ, ಇದು ನನ್ನ ಗೆಳೆಯ ಟೆಡ್ ಕೆನಡಿಗಾಗಿ, ಐ ಎಂದರು. 60ಕ್ಕೆ 39ರಲ್ಲಿ ಪಾಸಾಯಿತು.

2010ರ ಜೂನ್ 28ರಂದು, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಒಮ್ಮೆ ಎಲ್ಲ 55 ಕೌಂಟಿಗಳನ್ನೂ ಗೆದ್ದಿದ್ದ ರಾಜ್ಯ ಇವತ್ತು ರಿಪಬ್ಲಿಕನ್ನರ ಕೋಟೆ. ಆದರೆ ಸೆನೆಟ್‌ನಲ್ಲಿ ಅವರ ಹೆಸರು ಇನ್ನೂ ದಿನಬಳಕೆಯದು. ಬಜೆಟ್‌ಗೆ ಸಂಬಂಧಪಟ್ಟ ಕೆಲವು ಮಸೂದೆಗಳಿಗೆ ಫಿಲಿಬಸ್ಟರ್ ಕಾಟ ಇಲ್ಲ, ಬರೀ ಬಹುಮತ ಸಾಕು. ಆ ದಾರಿಯಲ್ಲಿ ಬಜೆಟ್ಟಿಗೆ ಸಂಬಂಧವಿಲ್ಲದ್ದನ್ನು ತೂರಿಸಬಾರದು ಎಂದು ಎಂಬತ್ತರ ದಶಕದಲ್ಲಿ ಅವರು ಒಂದು ತಡೆ ಹಾಕಿಸಿದ್ದರು. ಅದನ್ನು ಬರ್ಡ್ ರೂಲ್ ಎಂದೇ ಕರೆಯುತ್ತಾರೆ. 2021ರಲ್ಲಿ ಬೈಡನ್ ಅವರ ಕೋವಿಡ್ ಪರಿಹಾರ ಮಸೂದೆಯಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿಯ ಪ್ರಸ್ತಾಪವನ್ನು ಸೇರಿಸುವಂತಿಲ್ಲ ಎಂದು ಸೆನೆಟ್‌ನ ನಿಯಮಾಧಿಕಾರಿ ಹೇಳಿದ್ದು ಈ ನಿಯಮದ ಆಧಾರದ ಮೇಲೆಯೇ. ಬರ್ಡ್ ಅವರದೇ ಪಕ್ಷ ತಂದಿದ್ದ ಪ್ರಸ್ತಾಪ ಅದು.

ಪ್ರಶ್ನೆಗಳಿದ್ದರೆ ಈಗ ಕೇಳಿ.