ಕಂಪ್ಯೂಟರ್‌ದಾಗ ಯಾರೋ ಕುಂತಾರಂತೆ!

ಮೇ ತಿಂಗಳ ಕಲಬುರಗಿ. ಮಧ್ಯಾಹ್ನ ಹನ್ನೆರಡೂವರೆ. ಹೊರಗೆ 43 ಡಿಗ್ರಿ. ಫ್ಯಾನ್ ತಿರುಗುತ್ತಿದೆ, ಆದರೆ ಮೇಲಿನ ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತಿದೆ ಅಷ್ಟೇ. ಸೇಡಂ ರಸ್ತೆಯ ನಮ್ಮ ಮನೆಯ ಪಡಸಾಲೆ ಇದು. ಮೂಲೆಯಲ್ಲಿ ಟವೆಲ್ ಹೊದ್ದುಕೊಂಡು ಕೂತಿದೆಯಲ್ಲ, ಅದೇ ಇವತ್ತಿನ ಹೀರೋ. ಅಪ್ಪನ ಡೆಸ್ಕ್‌ಟಾಪ್.

ಧೂಳು ಕೂರಬಾರದು ಅಂತ ಟವೆಲ್. ನಮ್ಮ ಕಡೆ ಇದು ಆಂಟಿವೈರಸ್‌ಗಿಂತ ಮೊದಲು ಹಾಕುವ ರಕ್ಷಣೆ.

ನಾನು ಊರಿಗೆ ಬಂದು ಬ್ಯಾಗ್ ಇಳಿಸಿರಲಿಲ್ಲ, ಅಪ್ಪ ಶುರು ಮಾಡಿದರು. "ಏ ತಮ್ಮಾ, ನಮ್ಮ ಕಂಪ್ಯೂಟರ್‌ದಾಗ ಯಾರೋ ಕುಂತಾರ. ದಿನಾ ಬಂದು ಹೆದರಿಸ್ಲಿಕತ್ತಾರ." ಮಾತು ಮುಗಿಯುವುದರೊಳಗೆ ಸ್ಕ್ರೀನಿನ ಬಲಗಡೆ ಕೆಳಗೆ ಟಣ್ ಅಂತ ಒಂದು ಡಬ್ಬಿ ಮೇಲೆದ್ದಿತು. ಕೆಂಪು ಅಕ್ಷರ. ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ಗೂಢಚಾರ ಸಾಫ್ಟ್‌ವೇರ್ ನಿಮ್ಮ ಪಾಸ್‌ವರ್ಡ್ ಕದಿಯುತ್ತಿದೆ, ತಕ್ಷಣ ಈ ನಂಬರಿಗೆ ಫೋನ್ ಮಾಡಿ. ಹೀಗೆ.

ಅಪ್ಪ ಫೋನ್ ಮಾಡಿರಲಿಲ್ಲ. ಯಾಕೆ ಅಂದರೆ ಆ ಕಡೆಯವರು ಇಂಗ್ಲಿಷಿನಲ್ಲಿ ಮಾತಾಡಿದರೆ ಏನು ಮಾಡೋದು ಅಂತ. ಈ ಒಂದು ಸಂಕೋಚ ನಮ್ಮ ಮನೆಯ ದುಡ್ಡು ಉಳಿಸಿತು ನೋಡಿ.

ಈಗ ಆ ಡಬ್ಬಿಯನ್ನು ಸ್ವಲ್ಪ ದೊಡ್ಡದು ಮಾಡಿ ತೋರಿಸುತ್ತೇನೆ. ವೈರಸ್ ಲೆಕ್ಕ ಬಿಡಿ. ಅಲ್ಲೇ ಸಣ್ಣ ಅಕ್ಷರದಲ್ಲಿ ಏನಿದೆ? ಬ್ರೌಸರಿನ ಹೆಸರು, ಪಕ್ಕದಲ್ಲಿ ಯಾವುದೋ ವೆಬ್‌ಸೈಟ್ ವಿಳಾಸ. ಅಂದರೆ ಇದನ್ನು ಕಳಿಸುತ್ತಿರುವುದು ಆಂಟಿವೈರಸ್ ಅಲ್ಲ, ಒಂದು ವೆಬ್‌ಸೈಟು. ಇನ್ನೊಂದು ಗುರುತು ಆ ಫೋನ್ ನಂಬರ್. ವಿಂಡೋಸ್ ತನ್ನ ನಿಜವಾದ ಎಚ್ಚರಿಕೆಯಲ್ಲಿ ಯಾವತ್ತೂ ನಂಬರ್ ಕೊಟ್ಟು ಫೋನ್ ಮಾಡಿ ಅನ್ನುವುದಿಲ್ಲ. ನಂಬರ್ ಕಂಡರೆ ಅದು ಕಳ್ಳರ ಅಂಗಡಿ. ಯಾರಾದರೂ ಫೋನ್ ಮಾಡಿ ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಬೇಕು.

ಅದು ಒಳಗೆ ಹೇಗೆ ಬಂತು? ಅಪ್ಪನೇ ಬಾಗಿಲು ತೆಗೆದಿದ್ದರು. ತೊಗರಿ ರೇಟ್ ನೋಡಲು ಯಾವುದೋ ಸೈಟಿಗೆ ಹೋಗಿದ್ದಾರೆ. ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ (Allow) ಒತ್ತಿ ಅಂದಿದೆ. ಅಪ್ಪ ರೋಬೋಟ್ ಅಲ್ಲ. ಒತ್ತಿದ್ದಾರೆ. ಆ ಅಲೋ ನೋಟಿಫಿಕೇಶನ್ ಕಳಿಸಲು ಕೊಟ್ಟ ಅನುಮತಿ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅಲ್ಲಿ ಹನ್ನೊಂದು ಸೈಟ್ ಸಾಲಾಗಿ ಕೂತಿದ್ದವು, ಮದುವೆ ಊಟದ ಪಂಕ್ತಿಯ ಹಾಗೆ. ಎಲ್ಲವನ್ನೂ ಎಬ್ಬಿಸಿದೆ. ಕೆಂಪು ಡಬ್ಬಿ ಅಲ್ಲಿಗೆ ಬಂದ್.

ಇಲ್ಲಿಗೆ ವಿಡಿಯೋ ಮುಗಿಸಿ ಹೋಗಿ ಮಜ್ಜಿಗೆ ಕುಡಿಯಬಹುದಿತ್ತು. ಆದರೆ ನನಗೊಂದು ಕೆಟ್ಟ ಚಟ. ಸುಳ್ಳು ಎಚ್ಚರಿಕೆ ಸುಮ್ಮನಾಯಿತಲ್ಲ, ನಿಜವಾದ ಕಾವಲುಗಾರ ಏನು ಮಾಡುತ್ತಿದ್ದಾನೆ ಅಂತ ನೋಡಿದೆ.

ಅವನು ಎಂಟು ತಿಂಗಳಿಂದ ನಿದ್ದೆಯಲ್ಲಿದ್ದ.

ಆದದ್ದು ಇಷ್ಟು. ಕಂಪ್ಯೂಟರ್ ರಿಪೇರಿಗೆ ಹೋದಾಗ ಅಂಗಡಿಯವರು ಒಂದು ಆಂಟಿವೈರಸ್ಸಿನ ಟ್ರಯಲ್ ಹಾಕಿ ಕಳಿಸಿದ್ದರು. ಅದರ ಅವಧಿ ಯಾವಾಗಲೋ ಮುಗಿದಿದೆ. ಆದರೆ ಹೆಸರಿಗೆ ಅದೇ ಮನೆ ಯಜಮಾನ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಇದೆಯಲ್ಲ, ಅದು ಬೇರೆ ಆಂಟಿವೈರಸ್ ಕಂಡರೆ ಮರ್ಯಾದೆಯಿಂದ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಎರಡೂ ಒಂದೇ ಫೈಲ್ ಹಿಡಿದು ಎಳೆದಾಡಬಾರದು ಅಂತ ಈ ವ್ಯವಸ್ಥೆ. ಇಲ್ಲಿ ಒಬ್ಬ ಸತ್ತಿದ್ದಾನೆ, ಇನ್ನೊಬ್ಬ ಅವನಿಗೆ ಗೌರವ ಕೊಟ್ಟು ನಿಂತಿದ್ದಾನೆ.

ಡಿಫೆಂಡರ್ ಹುಟ್ಟಿದ್ದೇ ಸ್ಪೈವೇರ್, ಅಂದರೆ ಗೂಢಚಾರ ಸಾಫ್ಟ್‌ವೇರ್ ಹಿಡಿಯಲು, ಗೊತ್ತಾ? 2004ರ ಕೊನೆಗೆ ಮೈಕ್ರೋಸಾಫ್ಟ್ ಒಂದು ಸಣ್ಣ ಕಂಪನಿಯನ್ನು ಕೊಂಡು, ಅವರ ಸಾಫ್ಟ್‌ವೇರನ್ನೇ 2005ರಲ್ಲಿ ಆಂಟಿಸ್ಪೈವೇರ್ ಅಂತ ಬಿಟ್ಟಿತು. ಆಮೇಲೆ ಹೆಸರು ಡಿಫೆಂಡರ್ ಆಯಿತು. ವಿಂಡೋಸ್ 7ರವರೆಗೂ ಅದಕ್ಕೆ ವೈರಸ್ ಹಿಡಿಯುವ ಕೆಲಸವೇ ಇರಲಿಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗ ಪೂರ್ತಿ ಆಂಟಿವೈರಸ್ ಆಯಿತು. ಅದಕ್ಕೇ ಹಳಬರು ಇವತ್ತಿಗೂ "ಡಿಫೆಂಡರ್ ಸಾಲಲ್ಲ" ಅಂತಾರೆ. ಮನೆ ಬಳಕೆಗೆ ಸಾಕು ಅನ್ನೋದು ನನ್ನ ಅಭಿಪ್ರಾಯ.

ಸರಿ, ಸತ್ತ ಆಂಟಿವೈರಸ್ ತೆಗೆದೆ. ಮಾಮೂಲಿ ಅನ್‌ಇನ್‌ಸ್ಟಾಲ್‌ನಲ್ಲಿ ಪೂರ್ತಿ ಹೋಗಲಿಲ್ಲ. ಇಂಥವುಗಳ ಕಂಪನಿಗಳೇ ಬೇರು ಸಮೇತ ಕೀಳಲು ಒಂದು ಸಣ್ಣ ಟೂಲ್ ಕೊಡುತ್ತವೆ, ಅದನ್ನು ಓಡಿಸಿದೆ. ರೀಸ್ಟಾರ್ಟ್. ಡಿಫೆಂಡರ್ ಕಣ್ಣು ಬಿಟ್ಟಿತು. ನನ್ನ ಮಾಹಿತಿ ಹಳೆಯದಾಗಿದೆ, ಅಪ್‌ಡೇಟ್ ಮಾಡು ಅಂತು. ಚೆಕ್ ಫಾರ್ ಅಪ್‌ಡೇಟ್ಸ್ ಒತ್ತಿದೆ. ಇಳಿಯತೊಡಗಿತು.

ಆಗ ಕರೆಂಟ್ ಹೋಯಿತು.

ಒಂದೂವರೆ ಗಂಟೆ ಬರಲೇ ಇಲ್ಲ. ಯುಪಿಎಸ್ ಇದೆ, ಆದರೆ ಅದರ ಬ್ಯಾಟರಿ ಹೋಗಿ ವರ್ಷಗಳಾದವು. ಈಗ ಅದರ ಮೇಲೆ ಅಮ್ಮ ತುಳಸಿ ಪೂಜೆಯ ಊದುಬತ್ತಿ ಪ್ಯಾಕೆಟ್ ಇಡುತ್ತಾರೆ.

ಕರೆಂಟ್ ಬಂದ ಮೇಲೆ ಮತ್ತೆ ಒತ್ತಿದೆ. ಫೇಲ್. ಕೆಳಗೆ ಒಂದು ಕೋಡ್. ಝೀರೋ ಎಕ್ಸ್ 80072ಎಫ್8ಎಫ್. ಅಪ್‌ಡೇಟ್ ಅರ್ಧಕ್ಕೆ ನಿಂತು ಏನೋ ಕೆಟ್ಟಿತು, ಅಥವಾ ಹಳೆಯ ಆಂಟಿವೈರಸ್ ಕೀಳುವಾಗ ನಾನೇ ಏನೋ ಮುರಿದೆ ಅಂದುಕೊಂಡೆ. ರೌಟರ್ ಆರಿಸಿ ಹಾಕಿದೆ. ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟೆ. ಇದು ವಿಂಡೋಸ್ 10, ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದಕ್ಕೇ ಇರಬೇಕು ಅಂತ ಒಂದು ಗಂಟೆ ಆ ದಾರಿ ಹಿಡಿದೆ. ಅದೂ ಅಲ್ಲ. ವಿಂಡೋಸಿನ ಅಪ್‌ಡೇಟ್ ಬೇರೆ, ಡಿಫೆಂಡರಿನ ವೈರಸ್ ಪಟ್ಟಿ ಬೇರೆ. ವಿಂಡೋಸ್ 10ಕ್ಕೂ ಆ ಪಟ್ಟಿಯನ್ನು 2028ರ ಅಕ್ಟೋಬರ್‌ವರೆಗೆ ಕೊಡುತ್ತೇವೆ ಅಂತ ಮೈಕ್ರೋಸಾಫ್ಟೇ ಹೇಳಿದೆ.

ಕೊನೆಗೆ, ಪಟ್ಟಿಯನ್ನು ಕೈಯಾರೆ ಇಳಿಸಿಕೊಳ್ಳೋಣ ಅಂತ ಅವರದೇ ಪುಟ ತೆರೆಯಲು ಹೋದೆ. ಕ್ರೋಮ್ ಹೇಳಿತು: ನಿಮ್ಮ ಗಡಿಯಾರ ಹಿಂದಿದೆ.

ನೋಡಿದರೆ, 2015ರ ಜನವರಿ 1.

ಇಡೀ ದಿನ ಸ್ಕ್ರೀನಿನ ಅದೇ ಮೂಲೆಯನ್ನು ನೋಡುತ್ತಾ ಕೂತಿದ್ದೆ. ಡಬ್ಬಿ ಬರುತ್ತಿದ್ದದ್ದು ಅಲ್ಲೇ, ತಾರೀಖು ಇರುವುದೂ ಅಲ್ಲೇ. ಕಣ್ಣಿಗೆ ಬೀಳಲಿಲ್ಲ.

ಕಾರಣ ಸರಳ. ಅಪ್‌ಡೇಟ್ ಕೊಡುವ ಸರ್ವರ್ ತಾನು ಅಸಲಿ ಅಂತ ಒಂದು ಸರ್ಟಿಫಿಕೇಟ್ ತೋರಿಸುತ್ತದೆ. ಅದಕ್ಕೆ ಶುರುವಿನ ತಾರೀಖು ಇರುತ್ತದೆ, ಮುಗಿಯುವ ತಾರೀಖೂ ಇರುತ್ತದೆ. 2015ರಲ್ಲಿ ಕೂತಿರುವ ಕಂಪ್ಯೂಟರಿಗೆ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ನಕಲಿ ಅಂತ ಬಾಗಿಲು ಹಾಕುತ್ತದೆ. ಆ ಕೋಡಿನ ಅರ್ಥವೂ ಹೆಚ್ಚು ಕಡಿಮೆ ಇದೇ. ವಿಂಡೋಸ್ ಇಂಟರ್ನೆಟ್ಟಿನಿಂದ ತಾನೇ ಟೈಮ್ ಸರಿ ಮಾಡಿಕೊಳ್ಳಬೇಕಲ್ಲವಾ ಅಂತ ನೀವು ಕೇಳಬಹುದು. ಮಾಡಿಕೊಳ್ಳುತ್ತದೆ. ಆದರೆ ಮನೆ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ 15 ಗಂಟೆಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅನುಮಾನಪಟ್ಟು ಸುಮ್ಮನಾಗುತ್ತದೆ. ಇಲ್ಲಿ ವರ್ಷಗಳ ವ್ಯತ್ಯಾಸ.

ನಾನು ಏನೋ ಕಂಡುಹಿಡಿದ ಹಾಗೆ ಅಪ್ಪನನ್ನು ಕರೆದೆ. ಅಪ್ಪ ಕನ್ನಡಕ ಏರಿಸಿ ನೋಡಿದರು. "ಇದಾ? ದಿನಾ ಮುಂಜಾನಿ ನಾ ಟೈಮ್ ಹಾಕ್ತೀನಲ್ಲೋ. ಇವತ್ತ ಕರೆಂಟ್ ಹೋಗಿ ಬಂದ ಮ್ಯಾಲ ನೀ ಕುಂತಿದ್ದಿ ಅಂತ ಬಿಟ್ಟೆ."

ದಿನಾ! ಕೈಯಲ್ಲಿನ ಎಚ್‌ಎಂಟಿ ನೋಡಿ, ದಿನಾ ಬೆಳಿಗ್ಗೆ ತಾರೀಖು, ಟೈಮು ಎರಡೂ ಕೂರಿಸುತ್ತಾರಂತೆ. ಇಲ್ಲದಿದ್ದರೆ ಪಹಣಿ ಸೈಟ್ ತೆರೆಯುವುದಿಲ್ಲ ಅಂತ ತಾವೇ ಪತ್ತೆ ಮಾಡಿದ್ದಾರೆ. "ಮತ್ತೆ ಹೇಳಬಾರದಾ" ಅಂದೆ. "ನೀ ಎಲ್ಲಿ ಕೇಳಿದಿ?"

ರೋಗ ಏನು ಅಂತ ಆಗ ಪೂರ್ತಿ ಗೊತ್ತಾಯಿತು. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂಥ ಸೆಲ್ ಇರುತ್ತದೆ. ಸಿಆರ್2032, 3 ವೋಲ್ಟ್. ಕರೆಂಟ್ ಇಲ್ಲದಾಗ ಗಡಿಯಾರ ಓಡುವುದು ಇದರ ಮೇಲೆ. ಗೋಡೆಯ ಕರೆಂಟ್ ಬರುತ್ತಿರುವಾಗ ಇದು ಸತ್ತಿದ್ದರೂ ಗೊತ್ತಾಗುವುದಿಲ್ಲ. ಅಪ್ಪ ರಾತ್ರಿ ಮಲಗುವ ಮುಂಚೆ ಬೋರ್ಡಿನ ಸ್ವಿಚ್ಚೇ ಆರಿಸುತ್ತಾರೆ. ಹಾಗಾಗಿ ಪ್ರತಿ ರಾತ್ರಿ ನಮ್ಮ ಕಂಪ್ಯೂಟರ್ 2015ಕ್ಕೆ ಹೋಗಿ ಬರುತ್ತಿತ್ತು. ಇಂಥ ಸೆಲ್‌ಗೆ ಬಿಸಿ ಒಗ್ಗುವುದಿಲ್ಲ, ನಮ್ಮೂರಲ್ಲಿ ಬಿಸಿ ಬಿಟ್ಟರೆ ಬೇರೆ ಇಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಸೂಪರ್ ಮಾರ್ಕೆಟ್ ಅನ್ನುವ ನಮ್ಮೂರ ಪೇಟೆ ಕಡೆ ಹೋಗಿ ಸೆಲ್ ತಂದೆ. ಈ ಶಾಟ್ ಅಲ್ಲಿಯದೇ. ಗಾಡಿ, ಹಣ್ಣು, ಹಾರ್ನು. ಸೆಲ್ಲಿಗಿಂತ ಜಾಸ್ತಿ ದುಡ್ಡು ದಾರಿಯಲ್ಲಿ ಕಬ್ಬಿನ ಹಾಲಿಗೆ ಹೋಯಿತು.

ಹಾಕುವುದು ಕಷ್ಟ ಇಲ್ಲ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಒಮ್ಮೆ ಮುಟ್ಟಿ, ಪಕ್ಕದ ಕ್ಲಿಪ್ ಒತ್ತಿದರೆ ಹಳೆಯದು ಪುಟಿದು ಬರುತ್ತದೆ. ಪ್ಲಸ್ ಗುರುತು ಮೇಲೆ ಬರಬೇಕು. ಮೊದಲ ಸಲ ಆನ್ ಮಾಡಿದಾಗ ಎಫ್1 ಒತ್ತು ಅಂತ ಕೇಳಿತು, ಹೆದರಬೇಡಿ. ತಾರೀಖು ಕೂರಿಸಿದೆ. ಅಪ್‌ಡೇಟ್ ಒತ್ತಿದೆ. ಎರಡು ನಿಮಿಷ. ಹಸಿರು ಟಿಕ್.

ಆಮೇಲೆ ಸ್ಕ್ಯಾನ್ ಮಾಡಿದಾಗ ನಿಜವಾದದ್ದೂ ಒಂದೆರಡು ಸಿಕ್ಕವು, ಅದನ್ನು ಮುಚ್ಚಿಡುವುದಿಲ್ಲ. ಡೌನ್‌ಲೋಡ್ಸ್‌ನಲ್ಲಿ ಕಂಪ್ಯೂಟರ್ ಸ್ಪೀಡ್ ಮಾಡುವ ಹೆಸರಿನ ಒಂದು ಕಸ. ಇನ್ನೊಂದು, ತೆಗೆದಷ್ಟೂ ಮತ್ತೆ ಬರುತ್ತಿತ್ತು. ಮೂರು ಸಲ ಅದೇ ಎಚ್ಚರಿಕೆ, ಅದೇ ಹೆಸರು. ಮೂರನೇ ಸಲ ಗಮನಿಸಿದೆ, ಫೈಲ್ ಇರುವ ಜಾಗ ಸಿ ಡ್ರೈವ್ ಅಲ್ಲ. ಪೆನ್‌ಡ್ರೈವ್! ಪಹಣಿ ಪ್ರಿಂಟ್ ಹಾಕಿಸಲು ಅಪ್ಪ ಝೆರಾಕ್ಸ್ ಅಂಗಡಿಗೆ ಒಯ್ಯುವುದು ಅದೇ. ಫೋಲ್ಡರ್ ಎಲ್ಲಾ ಮಾಯ, ಅವುಗಳ ಜಾಗದಲ್ಲಿ ಶಾರ್ಟ್‌ಕಟ್. ಎಚ್ಚರಿಕೆ ಮರುಕಳಿಸುತ್ತಿದ್ದರೆ ಪ್ರೊಟೆಕ್ಷನ್ ಹಿಸ್ಟರಿಗೆ ಹೋಗಿ ಆ ಫೈಲಿನ ಜಾಗ ಓದಿ. ವೈರಸ್ಸಿನ ಹೆಸರಿಗಿಂತ ಅದೇ ಮುಖ್ಯ. ಪೆನ್‌ಡ್ರೈವಿನ ಫೈಲ್ ಕಾಪಿ ತೆಗೆದು, ಫಾರ್ಮ್ಯಾಟ್ ಮಾಡಿದೆ.

ರಾತ್ರಿ ಒಮ್ಮೆ ಆಫ್‌ಲೈನ್ ಸ್ಕ್ಯಾನ್ ಕೂಡ ಓಡಿಸಿದೆ. ವಿಂಡೋಸ್ ಏಳುವ ಮುಂಚೆಯೇ ಹುಡುಕುವುದು ಅದು, ಸುಮಾರು ಹದಿನೈದು ನಿಮಿಷ. ಕರೆಂಟ್ ಹೋಗದ ಹೊತ್ತು ನೋಡಿ ಮಾಡಬೇಕು. ನಮ್ಮ ಏರಿಯಾದಲ್ಲಿ ಅದು ಹನ್ನೊಂದರ ಮೇಲೆ. ಒಳಗೆ ಯಾರೂ ಕೂತಿರಲಿಲ್ಲ.

ಇದು ಮರುದಿನ ಬೆಳಿಗ್ಗೆಯ ಶಾಟ್. ಅಪ್ಪ ಟವೆಲ್ ತೆಗೆದು, ಬೋರ್ಡಿನ ಸ್ವಿಚ್ ಹಾಕಿ ಕೂತರು. ಕೈ ಅಭ್ಯಾಸದಂತೆ ಗಡಿಯಾರದ ಮೇಲೆ ಹೋಯಿತು. ತಾರೀಖು ಸರಿ ಇದೆ. ಟೈಮೂ ಸರಿ ಇದೆ. ಅಪ್ಪನ ಮುಖ ಸ್ವಲ್ಪ ಪೆಚ್ಚಾಯಿತು, ನೀವೇ ನೋಡಿ. ಆಮೇಲೆ ಎಚ್‌ಎಂಟಿ ನೋಡಿಕೊಂಡರು.

"ಎರಡು ನಿಮಿಷ ಹಿಂದ ಅದ ನೋಡು ಇದು" ಅಂದವರೇ ಕಂಪ್ಯೂಟರಿನ ಟೈಮ್ ಬದಲಿಸಿದರು.

ನಾನು ಏನೂ ಅನ್ನಲಿಲ್ಲ. ಎರಡು ನಿಮಿಷಕ್ಕೆ ಡಿಫೆಂಡರ್ ಕೂಡ ಏನೂ ಅನ್ನುವುದಿಲ್ಲ.