ಡಿಬ್ರೈಡ್‌ಮೆಂಟಾ, ಡಿಬ್ರೀಡ್‌ಮೆಂಟಾ? ಫ್ರೆಂಚರು ಹೇಳುವುದೇ ಬೇರೆ!

ನಮಸ್ಕಾರ! ಗಾಯದಲ್ಲಿ ಸತ್ತುಹೋದ ಚರ್ಮ, ಮಾಂಸವನ್ನು ಡಾಕ್ಟರ್ ಕತ್ತರಿಸಿ ತೆಗೆಯುತ್ತಾರಲ್ಲ, ಅದೇ ಡಿಬ್ರೀಡ್‌ಮೆಂಟ್. ಶುಗರ್ ಇರುವವರ ಕಾಲಿನ ಹುಣ್ಣಿಗೆ ಇದನ್ನು ಮಾಡುವುದು ಮಾಮೂಲಿ. ಕೆಲವರು ‘ಬ್ರೈಡ್’ ಅನ್ನುತ್ತಾರೆ, ಕೆಲವರು ‘ಬ್ರೀಡ್’. ಇಂಗ್ಲಿಷ್ ನಿಘಂಟು ‘ಬ್ರೀಡ್’ ಪರ. ಮದುಮಗಳಿಗೂ ಇದಕ್ಕೂ ಸಂಬಂಧ ಇಲ್ಲ! ಆದರೆ ಪದ ಬಂದಿದ್ದು ಫ್ರೆಂಚ್‌ನಿಂದ. ಅಲ್ಲಿ ಹೇಗೆ?

[ಪರದೆ ಮೇಲೆ: ದೇ – ಬ್ರಿ – ದ – ಮಾಂ]

ಬರಹದಲ್ಲಿ ಒಡೆದರೆ ನಾಲ್ಕು ತುಂಡು. ಫ್ರೆಂಚರು ಬಕಾರ, ರಕಾರವನ್ನು ಬಿಡಿಸುವುದಿಲ್ಲ. ‘ದೇಬ್-ರಿ’ ಅಲ್ಲ, ‘ದೇ-ಬ್ರಿ’. ನಾವೂ ಒತ್ತಕ್ಷರ ಕೊಟ್ಟು ಹಾಗೇ ಬರೆಯುತ್ತೇವೆ. ಆದರೆ ಓದುವಾಗ ನಮ್ಮ ನಾಲಿಗೆ ‘ಬ್’ ಅನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಛಂದಸ್ಸಿನ ಪಾಠದಲ್ಲಿ ಬಾಯಿಪಾಠ ಮಾಡಿದ್ದೀರಿ, ಅಲ್ವಾ?

ಈಗ ನನಗೆ ತುಂಬಾ ಇಷ್ಟವಾದ ಭಾಗ. ಬರೆಯುವುದು ನಾಲ್ಕು, ಹೇಳುವುದು ಮೂರೇ!

[ಪರದೆ ಮೇಲೆ: ದೇ – ಬ್ರಿದ್ – ಮಾಂ]

‘ದ’ದೊಳಗಿನ ಸ್ವರ ಮಾಯ. ಮೋಸ ಅನ್ನಿಸಿತಾ? ನಾವೇನು ಕಮ್ಮಿ? ‘ಸುಮ್ಮನೆ’ ಎಂದು ಬರೆದು ‘ಸುಮ್ನೆ’ ಅನ್ನುತ್ತೇವೆ. ಹುಡುಗರು, ಹುಡುಗ್ರು. ಕೆಳಗೆ, ಕೆಳ್ಗೆ. ಫ್ರೆಂಚರದ್ದೂ ಇದೇ ಚಾಳಿ, ಆದರೆ ಅದಕ್ಕೊಂದು ಲೆಕ್ಕವಿದೆ. ಸ್ವರ ನುಂಗಿದರೆ ಮೂರು ವ್ಯಂಜನ ಒಂದರ ಮೇಲೊಂದು ಬೀಳುವಂತಿದ್ದರೆ ಸಾಮಾನ್ಯವಾಗಿ ನುಂಗುವುದಿಲ್ಲ. ಇಲ್ಲಿ ‘ದ್’, ‘ಮ್’ ಎರಡೇ, ಹಾಗಾಗಿ ತೊಂದರೆ ಇಲ್ಲ. ಗಾಯಕ್ಕೆ ಕಟ್ಟುವ ಪಟ್ಟಿಗೆ ಅವರು ‘ಪಾಂಸ್‌ಮಾಂ’ ಅನ್ನುತ್ತಾರೆ. ಅಲ್ಲೂ ನಡುವಿನ ಸ್ವರ ನುಂಗಿದ್ದಾರೆ. ಆದರೆ ಅಪಾರ್ಟ್‌ಮೆಂಟ್ ಅವರ ಬಾಯಲ್ಲಿ ‘ಅಪಾರ್ತಮಾಂ’. ನುಂಗಿದರೆ ‘ರ್’, ‘ತ್’, ‘ಮ್’ ಮೂರೂ ಸೇರುತ್ತವೆ, ಅದಕ್ಕೇ ‘ತ’ ಬಚಾವ್. ಇನ್ನು ದಕ್ಷಿಣಕ್ಕೆ, ಮಾರ್ಸೇ ಕಡೆಗೆ ಹೋದರೆ ಈ ಲೆಕ್ಕ ಕೈಕೊಡುತ್ತದೆ. ಅಲ್ಲಿನವರು ನುಂಗದೆ ನಾಲ್ಕೂ ಹೇಳುವುದು ಜಾಸ್ತಿ. ನನ್ನ ವೋಟು ಅವರಿಗೇ!

ಟೈಮ್ ಆಯಿತು, ಉಳಿದದ್ದು ಬೇಗ ಬೇಗ. ‘ಡ’ ಅಲ್ಲ, ಹಲ್ಲಿಗೆ ತಾಗುವ ‘ದ’. ರಕಾರ ಗಂಟಲಿನದು. ಕೊನೆಯ ‘ಮಾಂ’ ಮೂಗಿನಿಂದ ಬರಲಿ, ಸೊನ್ನೆಗೆ ತುಟಿ ಮುಚ್ಚಬೇಡಿ. ಕೊನೆಯ ಟಿ ಬರಹಕ್ಕಷ್ಟೇ. ಒತ್ತು ಕೊನೆಯ ತುಂಡಿಗೆ.

ಹಾಂ, ಇನ್ನೊಂದು. ಫ್ರೆಂಚ್‌ನಲ್ಲಿ ‘ಬ್ರಿದ್’ ಎಂದರೆ ಕುದುರೆಯ ಕಡಿವಾಣ. ಬಿಗಿದುಕೊಂಡ ಜಾಗವನ್ನು ಕೊಯ್ದು ಸಡಿಲ ಮಾಡುವುದೇ ದೇಬ್ರಿದ್‌ಮಾಂನ ಮೊದಲ ಅರ್ಥ. ಹಾಗಾಗಿ ಇಷ್ಟೆಲ್ಲ ಪ್ರಾಕ್ಟೀಸ್ ಮಾಡಿ ನೀವು ಪ್ಯಾರಿಸ್ ಆಸ್ಪತ್ರೆಗೆ ಹೋದರೆ, ಹುಣ್ಣು ಶುಚಿ ಮಾಡುವ ನರ್ಸ್ ಬಾಯಲ್ಲಿ ಕೇಳಿಬರುವುದು ಬೇರೆಯದೇ ಪದ: ‘ದೇ-ತೆರ್-ಸಿಯೋಂ’!